ತಾವರೆಯ ಬಂಧುಗಳು

ತಾವರೆಯೂ ನೈದಿಲೆಯೂ ಒಂದೇ ಕುಟುಂಬದವೆಂದು ನಾನು ತರಗತಿಯಲ್ಲಿ ಎಷ್ಟು ವರ್ಷ ಹೇಳಿದೆನೋ ಲೆಕ್ಕವಿಲ್ಲ. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೆರೆಯಿಂದ ಎರಡರ ಎಲೆಗಳನ್ನೂ ತಂದು ಮೇಜಿನ ಮೇಲೆ ಹರಡಿದಳು. ನೈದಿಲೆಯ ಎಲೆಗೆ ತೊಟ್ಟಿನವರೆಗೆ ಸೀಳು; ತಾವರೆಯದು ಸೀಳಿಲ್ಲದ ದುಂಡು, ತೊಟ್ಟು ನಟ್ಟನಡುವೆ. "ಇವೆರಡೂ ಹೇಗೆ ಸಾರ್ ನೆಂಟರು?" ಎಂದಳು. ಪುಸ್ತಕದಲ್ಲಿರುವುದನ್ನು ಬರೆದುಕೋ ಎಂದು ಗದರಿ ಕೂರಿಸಿದೆ. ಆಕೆ ಇದನ್ನು ಓದುವಂತಾದರೆ ಈ ಬರಹ ಅವಳಿಗೆ ಸಲ್ಲಬೇಕಾದ ಉತ್ತರ.

ನಾನು ನೆಚ್ಚಿದ್ದ ಪಾಠದ ಮೂಲ ಬೆಂಥಾಮ್ ಮತ್ತು ಹೂಕರ್ ಅವರದು. ಅವರು 1862ರಿಂದ 1883ರವರೆಗೆ ಪ್ರಕಟಿಸಿದ ‘ಜೆನೆರಾ ಪ್ಲಾಂಟಾರಮ್’ ಗ್ರಂಥದ ಕ್ರಮವನ್ನೇ ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ದಳ, ಕೇಸರ, ಅಂಡಾಶಯಗಳನ್ನು ನೋಡಿ ಬಾಂಧವ್ಯ ನಿರ್ಣಯಿಸುವ ಆ ಕ್ರಮದಲ್ಲಿ ತಾವರೆ ನೈದಿಲೆಯ ಕುಟುಂಬದೊಳಗೇ ಇತ್ತು. 1981ರಲ್ಲಿ ಅಮೆರಿಕದ ಕ್ರಾಂಕ್ವಿಸ್ಟ್ ಅದಕ್ಕೆ ಬೇರೆ ಕುಟುಂಬ ಕೊಟ್ಟರೂ ನೈದಿಲೆಯ ಗಣದಿಂದ ಹೊರಗಿಡಲಿಲ್ಲ.

ಹಳೆಯ ಕಾವ್ಯದ ಓಲೆಗರಿ ಪ್ರತಿಗಳನ್ನು ಪರಿಷ್ಕರಿಸುವ ವಿದ್ವಾಂಸರು, ಒಂದೇ ಬಗೆಯ ತಪ್ಪುಗಳಿರುವ ಪ್ರತಿಗಳು ಒಂದೇ ಮಾತೃಕೆಯಿಂದ ಇಳಿದವೆಂದು ತಿಳಿಯುತ್ತಾರೆ. ಡಿಎನ್‌ಎ ಓದುವವರ ದಾರಿಯೂ ಹೆಚ್ಚುಕಡಿಮೆ ಅದೇ. ಅವರು ಮೊದಲು ಆರಿಸಿಕೊಂಡದ್ದು ಎಲೆಯ ಕ್ಲೋರೋಪ್ಲಾಸ್ಟಿನಲ್ಲಿರುವ ಒಂದು ಜೀನನ್ನು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವ ರುಬಿಸ್ಕೋ ಕಿಣ್ವದ ದೊಡ್ಡ ಭಾಗಕ್ಕೆ ಇದೇ ಸೂತ್ರ. ಸುಮಾರು 1,400 ಅಕ್ಷರಗಳ ಈ ಬರಹ ಬಹಳ ನಿಧಾನವಾಗಿ ಬದಲಾಗುತ್ತದೆ. 1993ರಲ್ಲಿ ಮಾರ್ಕ್ ಚೇಸ್ ಮತ್ತು ಸಂಗಡಿಗರು 499 ಬೀಜಸಸ್ಯಗಳಲ್ಲಿ ಈ ಒಂದೇ ಜೀನನ್ನು ಹೋಲಿಸಿ ವಂಶವೃಕ್ಷ ಬಿಡಿಸಿದರು. ಆಂಜಿಯೋಸ್ಪರ್ಮ್ ಫೈಲೋಜೆನಿ ಗ್ರೂಪ್ ಎಂಬ ವಿಜ್ಞಾನಿಗಳ ಬಳಗ 1998ರಲ್ಲಿ ಹೊಸ ವರ್ಗೀಕರಣವನ್ನೇ ಪ್ರಕಟಿಸಿ, 2003, 2009, 2016ರಲ್ಲಿ ಅದನ್ನು ತಿದ್ದಿತು.

ತಾವರೆಯ ಹತ್ತಿರದ ಬಂಧುಗಳು ಯಾರೆಂದುಕೊಂಡಿರಿ? ಕಾಶ್ಮೀರದ ಚಿನಾರ್ ಮರ, ಮತ್ತು ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ನಿಂತಿರುವ, ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್! ಮೊದಲು ಓದಿದಾಗ ಅಚ್ಚಿನ ದೋಷವಿರಬೇಕೆಂದೇ ಭಾವಿಸಿದೆ.

ನೈದಿಲೆಯಾದರೋ ಬಹಳ ದೂರ ಸರಿಯಿತು. ನ್ಯೂ ಕ್ಯಾಲಿಡೋನಿಯಾ ದ್ವೀಪದ ಅಂಬೊರೆಲ್ಲಾ ಎಂಬ ಪೊದೆಯ ಹಾಗೆ ಅದು ಹೂಬಿಡುವ ಸಸ್ಯಗಳ ವಂಶವೃಕ್ಷದ ಬುಡದಲ್ಲೇ ಕವಲೊಡೆದದ್ದೆಂದು 1999ರ ಅಧ್ಯಯನಗಳು ತೋರಿಸಿದವು. ಹಾಗಾಗಿ ಹೂಬಿಡುವ ಸಸ್ಯಗಳನ್ನು ಏಕದಳ, ದ್ವಿದಳವೆಂದು ಎರಡೇ ಪಾಲು ಮಾಡುವ ನನ್ನ ಅಚ್ಚುಮೆಚ್ಚಿನ ಪಾಠವೂ ಉಳಿಯಲಿಲ್ಲ. ಭತ್ತ, ಬಾಳೆಗಳ ಏಕದಳ ವಂಶ ತಾವರೆಯ ವಂಶದಿಂದ ಬೇರೆಯಾಗುವುದಕ್ಕೂ ಮುನ್ನವೇ ನೈದಿಲೆ ತನ್ನ ದಾರಿ ಹಿಡಿದಿತ್ತು. ವಂಶದ ಲೆಕ್ಕದಲ್ಲಿ ತಾವರೆಗೆ ನೈದಿಲೆಗಿಂತ ಭತ್ತವೇ ಹತ್ತಿರ. ನೀರಿನ ವಾಸ ಎರಡಕ್ಕೂ ಒಂದೇ ಚಹರೆ ಕೊಟ್ಟಿತ್ತು, ಅಷ್ಟೆ.

ಸುಳಿವು ಕಣ್ಣೆದುರಿಗೂ ಇತ್ತು. ಸೂಕ್ಷ್ಮದರ್ಶಕದಲ್ಲಿ ತಾವರೆಯ ಪರಾಗಕಣಕ್ಕೆ ಮೂರು ಸೀಳು ಕಾಣುತ್ತವೆ, ನೈದಿಲೆಯದಕ್ಕೆ ಹಾಗಿಲ್ಲ. ನಮ್ಮ ಶಾಲೆಯ ಬೀರುವಿನಲ್ಲಿ ಸೂಕ್ಷ್ಮದರ್ಶಕವೊಂದಿತ್ತು. ಅಂದು ಅದನ್ನು ಹೊರತೆಗೆದು ಆ ಹುಡುಗಿಯ ಮುಂದೆ ಇಡಬಹುದಿತ್ತು.