ಕೇಪಿನ ಕೋವಿಯ ಟ್ರಿಗರ್

ನಳಿಗೆಯ ಬಾಯಿಂದ ಮದ್ದು, ಚರೆ ಸುರಿದು ಗಜದಿಂದ ಜಡಿಯುವ ಕೋವಿಯಲ್ಲಿ, ಹಿಂದಕ್ಕೆಳೆದು ನಿಲ್ಲಿಸಿದ ಕುದುರೆಯನ್ನು, ಅಂದರೆ ಬಡಿಯುವ ಸುತ್ತಿಗೆಯನ್ನು, ಬಿಡಿಸುವ ಸನ್ನೆಯೇ ಟ್ರಿಗರ್. ಕಾರ್ಕಳ, ಕಾಪು, ಉಡುಪಿ ಸುತ್ತಿನ ಕೃಷಿಕರು ಬೆಳೆ ಕಾಯಲು ಪರವಾನಗಿ ಪಡೆದು ಇಟ್ಟುಕೊಳ್ಳುವ ಕೇಪಿನ ಕೋವಿ ಈ ಜಾತಿಯದು. ತುಳುವರ ಬಾಯಲ್ಲಿ ಅದು ಬೆಡಿ. ಒಳಮೈಯಲ್ಲಿ ಸುರುಳಿಗೆರೆ ಕೊರೆದ ರೈಫಲ್ ಅದಲ್ಲ, ನುಣುಪು ನಳಿಗೆಯ ಕೋವಿ. ಆದರೆ ಬಾಯಿಂದ ತುಂಬುವ ರೈಫಲಿನದೂ ಇದರದೂ ಲಾಕು (ಈಡು ಹಾರಿಸುವ ಯಂತ್ರಭಾಗ) ಒಂದೇ ಬಗೆಯದು, ಟ್ರಿಗರ್ ಬಿಗಿಯಾಗುವ ತೊಂದರೆಯೂ ಒಂದೇ.

ಈ ಬಿಗಿ ಕೋವಿಯ ಹುಟ್ಟಿನಿಂದ ಬಂದದ್ದಲ್ಲ. 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸ್ ಕೋವಿಗಾರರು ಹಿಡಿದದ್ದು ಬತ್ತಿ ಕೋವಿ. ಉಡುಪಿ ಜಿಲ್ಲೆಯ ಬಸರೂರಿನಲ್ಲಿ ಪೋರ್ಚುಗೀಸರ ಕೋಟೆ ಇದ್ದ ಕಾಲದ್ದೂ, ಅದನ್ನು ಕೆಳದಿಯ ಶಿವಪ್ಪ ನಾಯಕ ಕಿತ್ತುಕೊಂಡ 17ನೆಯ ಶತಮಾನದ್ದೂ ಅದೇ ಕೋವಿ. ಭಾರತೀಯ ಬತ್ತಿ ಕೋವಿಯಲ್ಲಿ ಟ್ರಿಗರ್ ಒತ್ತಿದಷ್ಟೂ ಉರಿಯುವ ಬತ್ತಿ ಮದ್ದಿನ ಬಟ್ಟಲಿನತ್ತ ಬಾಗುತ್ತಿತ್ತು. ತಡೆದು ಹಿಡಿಯಬೇಕಾದ ಬಲವಾದ ಸ್ಪ್ರಿಂಗು ಇಲ್ಲದ್ದರಿಂದ ಎಳೆತ ಉದ್ದ, ಆದರೆ ಹಗುರ.

ಕಿಡಿಯನ್ನು ಕೋವಿಯೇ ಹುಟ್ಟಿಸಿಕೊಳ್ಳತೊಡಗಿದಾಗ ಬಿಗಿ ಬಂತು. ಉದಾಹರಣೆಗೆ, 1610ರ ಸುಮಾರಿಗೆ ಫ್ರಾನ್ಸಿನ ಮರ‍್ಯಾಂ ಲ ಬೂರ್ಜ್ವಾ ರೂಪಿಸಿದನೆನ್ನಲಾದ ಚಕಮಕಿ ಲಾಕಿನಲ್ಲಿ ಕಲ್ಲು ಉಕ್ಕಿಗೆ ರಭಸದಿಂದ ಬಡಿಯಬೇಕು. ಅದಕ್ಕೆ ಗಟ್ಟಿ ಸ್ಪ್ರಿಂಗು ಬೇಕು. ಆ ಬಲವನ್ನೆಲ್ಲ ತಡೆದು ನಿಲ್ಲಿಸುವುದು ಕುದುರೆಯ ಬುಡದ ಟಂಬ್ಲರ್ ಎಂಬ ಬಿಲ್ಲೆಯ ಕಚ್ಚಿನಲ್ಲಿ ಕೂರುವ ಒಂದು ಸಣ್ಣ ಕೊಕ್ಕೆ, ಅಂದರೆ ಸಿಯರ್. ಟ್ರಿಗರ್ ಮಾಡುವ ಕೆಲಸ ಆ ಕೊಕ್ಕೆಯನ್ನು ಕಚ್ಚಿನಿಂದ ಜಾರಿಸುವುದು, ಅಷ್ಟೆ. ಕಚ್ಚು ಆಳವಾದಷ್ಟೂ ಕೋವಿ ಭದ್ರ, ಬೆರಳಿಗೆ ಭಾರ. ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ತಯಾರಾದ, ಹುಲಿಪಟ್ಟೆ ಅಲಂಕಾರದ ಕೋವಿಗಳದ್ದೂ ಚಕಮಕಿ ಲಾಕೇ. ಸೇನೆಗಳಿಗೆ ಟ್ರಿಗರಿನ ಭಾರ ದೋಷವಾಗಿ ಕಾಣಲಿಲ್ಲ. ಸಾಲುಗಟ್ಟಿ ನಿಂತ ಸಿಪಾಯಿಗಳಿಗೆ ಗುರಿಗಿಂತ ಈಡು ತಪ್ಪಿ ಹಾರದಿರುವುದೇ ಮುಖ್ಯವಾಗಿತ್ತು.

ಹಗುರ ಟ್ರಿಗರ್ ಬೇಡಿದವರು ಬೇಟೆಗಾರರು ಮತ್ತು ಪಂದ್ಯದ ಗುರಿಕಾರರು. ಜರ್ಮನಿಯಲ್ಲಿ 16ನೆಯ ಶತಮಾನದಲ್ಲೇ ಸೆಟ್ ಟ್ರಿಗರ್ ಬಳಕೆಗೆ ಬಂತು: ಪ್ರತ್ಯೇಕವಾದ ಪುಟ್ಟ ಸ್ಪ್ರಿಂಗನ್ನು ಮೊದಲೇ ಬಿಗಿದಿಟ್ಟರೆ, ಬೆರಳು ಸೋಕುತ್ತಲೇ ಅದು ಚಿಮ್ಮಿ ಸಿಯರನ್ನು ಬಡಿದೆಬ್ಬಿಸುತ್ತದೆ. ಹೀಗೆ ಲಾಕಿನ ಕಚ್ಚು ಆಳವಾಗಿಯೇ ಉಳಿದು, ಬೆರಳಿಗೆ ಮಾತ್ರ ಹಗುರವಾಯಿತು. ಈ ಸಮಸ್ಯೆಗೆ ಇಷ್ಟು ಜಾಣ ಪರಿಹಾರ ಇನ್ನೊಂದಿಲ್ಲ. ಕುದುರೆ ಬೀಳುವಾಗ ಸಿಯರ್ ನಡುವಿನ ಅರ್ಧ ಕಚ್ಚಿಗೆ (ಕುದುರೆಯನ್ನು ಅರ್ಧಕ್ಕೆ ನಿಲ್ಲಿಸುವ ಕಚ್ಚಿಗೆ) ಸಿಕ್ಕಿಬೀಳದಂತೆ ಟಂಬ್ಲರಿನಲ್ಲಿ ‘ಫ್ಲೈ’ ಎಂಬ ಚಿಕ್ಕ ತುಣುಕನ್ನೂ ಕೂರಿಸತೊಡಗಿದರು.

ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ 1807ರಲ್ಲಿ ಸ್ಫೋಟಕ ರಸಾಯನದಿಂದ ಮದ್ದಿಗೆ ಕಿಡಿ ತಾಗಿಸುವ ಕ್ರಮಕ್ಕೆ ಪೇಟೆಂಟ್ ಪಡೆದ. 1820ರ ದಶಕದಲ್ಲಿ ತಾಮ್ರದ ಕೇಪು ಹರಡಿ, ಕಲ್ಲು ಹೋಯಿತು; ಲಾಕಿನ ಒಳಗು ಹೆಚ್ಚು ಬದಲಾಗಲಿಲ್ಲ. 1866ರ ಹೊತ್ತಿಗೆ ಬ್ರಿಟಿಷ್ ಸೇನೆ ಹಿಂದಿನಿಂದ ತೋಟೆ ತುಂಬುವ ಸ್ನೈಡರ್ ರೈಫಲಿಗೆ ಹೊರಳಿತು. ಭಾರತದ ರೈತನ ಕೈಯಲ್ಲಿ ಮಾತ್ರ ಕೇಪಿನ ಕೋವಿ ಉಳಿಯಿತು. ಅದಕ್ಕೆ ಕಾನೂನಿನ ಬೆಂಬಲವೂ ಇದೆ: ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಕೋವಿಯನ್ನು 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಂ ಹೆಸರಿಸಿಯೇ ಹೇಳುತ್ತದೆ.

ಕರಾವಳಿಯಲ್ಲಿ ಟ್ರಿಗರ್ ಬಿಗಿಯಾಗಲು ಹವೆಯೂ ದೊಡ್ಡ ಕಾರಣ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡಿದು. ಕರಿಮದ್ದಿನ ಮಸಿ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ತುಕ್ಕು ಹಿಡಿದ ಕಚ್ಚಿನಲ್ಲಿ ಸಿಯರ್ ಜಾರುವ ಬದಲು ಕೆರೆಯುತ್ತದೆ. ಮಳೆಗಾಲದಲ್ಲಿ ಕೋವಿಯ ಮರ ಉಬ್ಬಿ ಲಾಕಿನ ಬಿಡಿಭಾಗಗಳನ್ನು ಒತ್ತುವುದುಂಟು. ಸವರಿದ ಎಣ್ಣೆ ಹಳತಾದರೆ ಅದೂ ಅಂಟಾಗುತ್ತದೆ. ಇಂಥ ಬಿಗಿಗೆ ಪರಿಹಾರವೆಂದರೆ ಲಾಕು ಬಿಚ್ಚಿ ತೊಳೆಯುವುದು, ತುಕ್ಕು ತೆಗೆಯುವುದು, ಮರದ ಒತ್ತಡ ಬಿಡಿಸುವುದು. ಲಾಕೇ ಒರಟಾಗಿದ್ದರೆ ತಿಳಿದ ಕುಶಲಕರ್ಮಿಗಳು ತಾಗುವ ಮುಖಗಳನ್ನು ನುಣುಪಾಗಿಸುತ್ತಿದ್ದರು, ಇಲ್ಲವೆ ಟ್ರಿಗರಿನ ತಿರುಗಣೆ ಮೊಳೆಯನ್ನು ಸಿಯರಿನ ತೋಳಿನ ಸಮೀಪಕ್ಕೆ ತಂದು ಸನ್ನೆಬಲ ಹೆಚ್ಚಿಸುತ್ತಿದ್ದರು.

ಅರ ಹಿಡಿದು ಕಚ್ಚನ್ನೇ ತೆಳುವಾಗಿಸುವುದು ಅಪಾಯದ ಅಡ್ಡದಾರಿ. ಹಳೆಯ ಟಂಬ್ಲರುಗಳು ಮೆದು ಕಬ್ಬಿಣದವು. ಎಲುಬು, ತೊಗಲಿನ ಇದ್ದಿಲಿನಲ್ಲಿ ಕಾಸಿ ಮೇಲ್ಪದರವನ್ನಷ್ಟೇ ಗಡುಸು ಮಾಡಿದವು. ಆ ಪದರ ಉಜ್ಜಿಹೋದರೆ ಮೊದಮೊದಲು ಎಳೆತ ಹಗುರವೆನಿಸಿದರೂ ಕಚ್ಚು ಬೇಗ ಸವೆಯುತ್ತದೆ. ತುಂಬಿದ ಕೋವಿ ನೆಲಕ್ಕೆ ತಗುಲಿದರೂ ಕುದುರೆ ಬಿದ್ದೀತು.

ಅಷ್ಟಕ್ಕೂ 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಗದ್ದೆ, ತೋಟದ ಕೋವಿಗೆ ಉಳಿದ ಮುಖ್ಯ ಕೆಲಸ ಸದ್ದು ಮಾಡಿ ಹಂದಿ, ಮಂಗಗಳನ್ನು ಓಡಿಸುವುದು. ಅದಕ್ಕೆ ಕೂದಲೆಳೆಯಷ್ಟು ಹಗುರವಾದ ಟ್ರಿಗರ್ ಬೇಕಿಲ್ಲ. ತುಸು ಬಿಗಿಯಿದ್ದರೇ ಮನೆಮಂದಿಗೆ ಕ್ಷೇಮ. ಬಿಗಿ ಸಡಿಲಿಸಲೇಬೇಕೆಂದರೆ, ಕೋವಿ ದುರಸ್ತಿ ಮಾಡುವವರಿಗೂ 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿನಂತೆ ಪರವಾನಗಿ ಬೇಕು.