ಕ್ಯಾನ್ಸರ್ ವಿರುದ್ಧ ಡಿಎನ್‌ಎ ಲಸಿಕೆ: ಇತಿಹಾಸ

ಗಡ್ಡೆಯಲ್ಲಿರುವ ಯಾವುದಾದರೂ ಪ್ರೋಟೀನಿನ ಜೀನನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದೊಳಗೆ ಸೇರಿಸಿ ಮೈಗೆ ಚುಚ್ಚುವುದು, ಆ ಪ್ರೋಟೀನನ್ನು ದೇಹವೇ ತಯಾರಿಸಿ ಅದರ ವಿರುದ್ಧ ತಾನೇ ಕೆರಳುವಂತೆ ಮಾಡುವುದು ಈ ಲಸಿಕೆಯ ತಂತ್ರ.

ಇದರ ಬೇರು ಜೀನ್ ಚಿಕಿತ್ಸೆಯ ಸಂಶೋಧನೆಯಲ್ಲಿದೆ. 1990ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಾನ್ ವುಲ್ಫ್ ಮತ್ತು ಸಂಗಡಿಗರು ಇಲಿಯ ಸ್ನಾಯುವಿಗೆ ಬರಿಯ ಡಿಎನ್‌ಎ ಚುಚ್ಚಿದರು. ಹೊತ್ತೊಯ್ಯಲು ವೈರಸ್ಸಿನ ನೆರವಿಲ್ಲದಿದ್ದರೂ ಸ್ನಾಯುಕೋಶಗಳು ಆ ಜೀನಿನ ಪ್ರೋಟೀನನ್ನು ತಯಾರಿಸಿದವು. 1992ರಲ್ಲಿ ಟೆಕ್ಸಾಸಿನ ಇನ್ನೊಂದು ತಂಡ ಚಿನ್ನದ ಕಣಗಳಿಗೆ ಡಿಎನ್‌ಎ ಲೇಪಿಸಿ ಇಲಿಯ ಕಿವಿಗೆ ಹಾರಿಸಿ ಪ್ರತಿಕಾಯಗಳನ್ನು ಪಡೆಯಿತು. ಮರುವರ್ಷ ಮರ್ಕ್ ಕಂಪನಿಯ ವಿಜ್ಞಾನಿಗಳು ಫ್ಲೂ ವೈರಸ್ಸಿನ ಜೀನಿನಿಂದ ಸೋಂಕಿತ ಕೋಶಗಳನ್ನು ಕೊಲ್ಲುವ ಟಿ ಕೋಶಗಳನ್ನೂ ಎಬ್ಬಿಸಿದರು. ಕ್ಯಾನ್ಸರ್ ಸಂಶೋಧಕರಿಗೆ ಬೇಕಾಗಿದ್ದುದೂ ಅವೇ.

ತೊಡಕು ಎರಡು ಕಡೆ ಇತ್ತು. ಇಲಿಯಲ್ಲಿ ಚೆನ್ನಾಗಿ ನಡೆದದ್ದು ಮನುಷ್ಯರಲ್ಲಿ ಸಪ್ಪೆಯಾಯಿತು, ಏಕೆಂದರೆ ಚುಚ್ಚಿದ ಡಿಎನ್‌ಎಯಲ್ಲಿ ಕೋಶದ ಕೇಂದ್ರ ತಲಪುವುದು ತೀರಾ ಅಲ್ಪ. ಅದಕ್ಕಿಂತ ಕಠಿಣವಾದುದು, ಗಡ್ಡೆಯ ಪ್ರೋಟೀನ್ ಬಹುಪಾಲು ನಮ್ಮದೇ ಆಗಿರುವುದರಿಂದ ದೇಹ ಅದನ್ನು ಸಹಿಸಿಕೊಳ್ಳುತ್ತದೆ. ಸೌತಾಂಪ್ಟನ್ನಿನ ಫ್ರೀಡಾ ಸ್ಟೀವನ್‌ಸನ್ ತಂಡ ಲಿಂಫೋಮಾ ಜೀನಿಗೆ ಧನುರ್ವಾಯು ವಿಷದ ಒಂದು ತುಣುಕಿನ ಜೀನನ್ನು ಅಂಟಿಸಿ ಈ ಸಹನೆಯನ್ನು ಮುರಿಯಲು ನೋಡಿತು.

ಮೊದಲ ಪರವಾನಗಿ ದಕ್ಕಿದ್ದು ನಾಯಿಗಳಿಗೆ. ನಾಯಿಯ ಬಾಯಲ್ಲಿ ಹುಟ್ಟುವ ಮೆಲನೋಮಾ ಬೇಗ ಹರಡುವ ರೋಗ. ನ್ಯೂಯಾರ್ಕಿನ ಪಶುವೈದ್ಯ ಫಿಲಿಪ್ ಬರ್ಗ್‌ಮನ್ ಮತ್ತು ಕ್ಯಾನ್ಸರ್ ತಜ್ಞ ಜೆಡ್ ವೋಲ್ಚಾಕ್ ಅದಕ್ಕೆ ಮನುಷ್ಯನ ಟೈರೋಸಿನೇಸ್ ಜೀನನ್ನು ಬಳಸಿದರು. ಅದರ ಪ್ರೋಟೀನ್ ನಾಯಿಯದನ್ನು ಹೋಲುತ್ತದೆ, ಆದರೆ ಅನ್ಯವೆಂದು ಗುರುತಾಗುವಷ್ಟು ಬೇರೆಯಾಗಿದೆ. ಎರಡು ವಾರಕ್ಕೊಮ್ಮೆಯಂತೆ ನಾಲ್ಕು ಸಲ, ಸೂಜಿಯಿಲ್ಲದ ಸಾಧನದಿಂದ ತೊಡೆಗೆ ಕೊಡುವ ಈ ‘ಆನ್ಸೆಪ್ಟ್’ ಲಸಿಕೆಗೆ 2007ರಲ್ಲಿ ಅಮೆರಿಕದ ಕೃಷಿ ಇಲಾಖೆ ಷರತ್ತಿನ ಅನುಮತಿ ಕೊಟ್ಟಿತು. ಪೂರ್ಣ ಪರವಾನಗಿಯೂ ಮುಂದೆ ಬಂತು. ಆಯುಸ್ಸು ಹೆಚ್ಚುವುದೇ ಎಂಬ ಬಗ್ಗೆ ನಂತರದ ಅಧ್ಯಯನಗಳಲ್ಲಿ ಒಮ್ಮತವಿಲ್ಲ. ಪುರಾವೆ ಗಟ್ಟಿಯಾಗುವ ಮೊದಲೇ ಲಸಿಕೆ ಮಾರುಕಟ್ಟೆಗೆ ಬಂದಿತೆನ್ನದೆ ವಿಧಿಯಿಲ್ಲ.

ಮನುಷ್ಯರಲ್ಲಿ ಭರವಸೆ ಹುಟ್ಟಿಸಿದ್ದು ಗರ್ಭಕಂಠದ ಕ್ಯಾನ್ಸರ್‌ಪೂರ್ವ ಹಂತ. ಅಲ್ಲಿ ಎಚ್‌ಪಿವಿ ವೈರಸ್ಸಿನ ಇ6, ಇ7 ಪ್ರೋಟೀನುಗಳೇ ಗುರಿ. ಅವು ಪೂರಾ ಪರಕೀಯ. ಇನೋವಿಯೊ ಕಂಪನಿಯ ವಿಜಿಎಕ್ಸ್-3100 ಲಸಿಕೆ ಚುಚ್ಚಿದ ಜಾಗಕ್ಕೇ ವಿದ್ಯುತ್ ಮಿಡಿತ ಕೊಟ್ಟು ಕೋಶದ ಪೊರೆಯಲ್ಲಿ ಕ್ಷಣಕಾಲ ರಂಧ್ರ ತೆರೆಯಲಾಗುತ್ತಿತ್ತು. 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಲಸಿಕೆ ಪಡೆದವರಲ್ಲಿ ಶೇ 49.5, ಹುಸಿಮದ್ದು ಪಡೆದವರಲ್ಲಿ ಶೇ 30.6 ಮಂದಿಯ ಗಾಯ ಹಿಂಜರಿಯಿತು. ಲಸಿಕೆಯಿಲ್ಲದೆಯೂ ಸುಮಾರು ಮೂರರಲ್ಲೊಂದು ಪಾಲು ತಾನಾಗಿ ತಗ್ಗಿದ್ದನ್ನು ಮರೆಯುವಂತಿಲ್ಲ. 2023ರ ದೊಡ್ಡ ಪರೀಕ್ಷೆ ಮುಖ್ಯ ಗುರಿ ಮುಟ್ಟಲಿಲ್ಲ. ಅಮೆರಿಕದಲ್ಲಿ ಕಂಪನಿ ಯೋಜನೆಯನ್ನು ಕೈಬಿಟ್ಟಿತು.

ಮನುಷ್ಯರಿಗಾಗಿ ಅನುಮತಿ ಪಡೆದ ಮೊದಲ ಡಿಎನ್‌ಎ ಲಸಿಕೆ ಭಾರತದ್ದು: 2021ರ ಆಗಸ್ಟಿನಲ್ಲಿ ತುರ್ತು ಬಳಕೆಗೆ ಒಪ್ಪಿಗೆ ಸಿಕ್ಕ ಅಹಮದಾಬಾದಿನ ಝೈಕೋವ್-ಡಿ. ಆದರೆ ಅದು ಕೋವಿಡ್‌ಗೆ.

ಈಗಿನ ಒಲವು ರೋಗಿಗೊಂದು ಲಸಿಕೆಯ ಕಡೆ. 2024ರಲ್ಲಿ ಪ್ರಕಟವಾದ ಯಕೃತ್ತಿನ ಕ್ಯಾನ್ಸರ್ ಅಧ್ಯಯನದಲ್ಲಿ 36 ರೋಗಿಗಳಿಗೆ ಅವರವರ ಗಡ್ಡೆಯ ಗರಿಷ್ಠ 40 ರೂಪಾಂತರಗಳನ್ನು ಪ್ಲಾಸ್ಮಿಡ್ಡಿಗೆ ತುಂಬಿ, ಪೆಂಬ್ರೊಲಿಜುಮಾಬ್ ಔಷಧದ ಜೊತೆ ಕೊಡಲಾಯಿತು. ಸುಮಾರು ಶೇ 31 ಮಂದಿಯ ಗಡ್ಡೆ ಗಣನೀಯವಾಗಿ ಕುಗ್ಗಿತು. ಅದರಲ್ಲಿ ಲಸಿಕೆಯ ಪಾಲೆಷ್ಟು, ಔಷಧದ್ದೆಷ್ಟು ಎಂದು ಬೇರ್ಪಡಿಸಲು ಹೋಲಿಕೆಯ ಗುಂಪು ಇರಲಿಲ್ಲ.