ತಿಗಣೆ ಪುರಾಣ ಮತ್ತು ಒಂದು ತಪ್ಪೊಪ್ಪಿಗೆ

ಶೀರ್ಷಿಕೆ ನೋಡಿಯೇ ಮೈ ಕೆರೆಯೋಕೆ ಶುರುವಾಯ್ತಾ? ನನಗೂ ಹಾಗೇ ಆಗ್ತಿದೆ, ಟೈಪ್ ಮಾಡ್ತಾ ಮಾಡ್ತಾ ಎರಡು ಸಲ ಕತ್ತು ತುರಿಸಿಕೊಂಡೆ. ಎರಡು ವರ್ಷದ ಹಿಂದೆ ನಮ್ಮ ಮನೇಲಿ ತಿಗಣೆ ಆಗಿತ್ತು ಅಂತ ಇವತ್ತು ಇಲ್ಲಿ ರಾಜಾರೋಷವಾಗಿ ಬರೀತಿದೀನಿ. ಆಗ ಇದನ್ನ ಎದುರು ಮನೆಯವರ ಹತ್ರ ಹೇಳೋಕೂ ಧೈರ್ಯ ಇರಲಿಲ್ಲ. ಮನೇಲಿ ಇಲಿ ಇದೆ ಅನ್ನಬಹುದು, ಜಿರಳೆ ಇದೆ ಅಂತ ನಗ್ತಾ ಹೇಳಬಹುದು. ತಿಗಣೆ ಅಂದ್ರೆ ಮಾತ್ರ ಕೇಳಿದವರು ಕೂತಿದ್ದ ಸೋಫಾದ ತುದಿಗೆ ಸರೀತಾರೆ.

ಶುರುವಾಗಿದ್ದು ಮಗಳ ತೋಳಿನ ಮೇಲಿನ ಕೆಂಪು ದದ್ದುಗಳಿಂದ. ಸಾಲಾಗಿ ಮೂರು, ನಾಲ್ಕು. ಆಮೇಲೆ ಹೆಂಡತಿಗೂ ಬಂತು. ನನಗೆ ಒಂದೂ ಇಲ್ಲ. 'ಸೊಳ್ಳೆ ಇರಬೇಕು' ಅಂತ ನಾನು ತೀರ್ಪು ಕೊಟ್ಟೆ, ಪರದೆ ಕಟ್ಟಿದ್ದಾಯ್ತು. ತಿಗಣೆ ಕಚ್ಚಿದಾಗ ಎಲ್ಲರ ಚರ್ಮವೂ ಒಂದೇ ಥರ ವರ್ತಿಸಲ್ಲ, ಕೆಲವರಿಗೆ ಗುರುತೇ ಏಳಲ್ಲ ಅಂತ ಆಗ ನನಗೆ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ದಿಂಬಿನ ಕವರಿನ ಮೇಲೆ ರಕ್ತದ ಚುಕ್ಕೆ, ಅದರ ಪಕ್ಕ ಉದ್ದಿನಬೇಳೆಗಿಂತ ಸಣ್ಣದಾದ ಕಂದು ಬಣ್ಣದ ಪ್ರಾಣಿ. ಬೆರಳಲ್ಲಿ ಒತ್ತಿದಾಗ ಬಂದ ವಾಸನೆ ಮೂವತ್ತು ವರ್ಷದ ಹಿಂದಿನ ನಮ್ಮೂರ ಟಾಕೀಸಿನ ಕುರ್ಚಿಗೆ ಕರಕೊಂಡು ಹೋಯ್ತು!

ಆಗ ನಮ್ಮ ಮನೇಲಿ ಅಕ್ಕನ ಮಗ ಇದ್ದ. ಧಾರವಾಡದ ಕಡೆಯ ಹುಡುಗ. ಕೆಲಸ ಹುಡುಕ್ತಾ ಬೆಂಗಳೂರಿಗೆ ಬಂದು, ಆರು ತಿಂಗಳು ಪಿ.ಜಿ.ಯಲ್ಲಿದ್ದು, ದುಡ್ಡು ಸಾಲದೆ ನಮ್ಮಲ್ಲಿಗೆ ಬಂದು ಮೂರು ವಾರ ಆಗಿತ್ತು. ಹಾಲ್‌ನಲ್ಲಿ ಊರಿಂದ ತಂದ ಕೌದಿ ಹಾಸಿಕೊಂಡು ಮಲಗ್ತಿದ್ದ. ಪಿ.ಜಿ. ಅಂದ ಮೇಲೆ ಮುಗೀತಲ್ಲ, ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಬೈಯಲಿಲ್ಲ, ಬಿಡಿ. ಅವನ ಬ್ಯಾಗನ್ನ ಬಾಲ್ಕನಿಯಲ್ಲಿಡು ಅಂದೆ. ಕೌದಿಯನ್ನ ಕುದಿಯೋ ನೀರಲ್ಲಿ ನೆನೆಸಿದೆವು. 'ಪಿ.ಜಿ.ಯಲ್ಲಿ ಬಹಳ ಇದ್ವೇನೋ?' ಅಂತ ಊಟದ ಹೊತ್ತಲ್ಲಿ ಕೇಳಿದೆ. ನಾಲ್ಕನೇ ದಿನ ಅವನು 'ಗೆಳ್ಯಾನ ರೂಮಿನ್ಯಾಗ ಜಾಗಾ ಅದರೀ ಮಾಮಾ' ಅಂತ ಹೇಳಿ ಹೊರಟುಹೋದ. ನಾನು ಇರು ಅನ್ನಲಿಲ್ಲ.

ಅವನು ಹೋದ ಮೇಲೂ ದದ್ದು ನಿಲ್ಲಲಿಲ್ಲ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಕೊಂಡು ಹಾಸಿಗೆ ಕಾಯೋದು ನನ್ನ ಕೆಲಸವಾಯ್ತು. ನಿದ್ದೆ ಬರದೆ ಈ ಪ್ರಾಣಿಯ ಚರಿತ್ರೆ ಓದೋಕೆ ಕೂತೆ. ಓದ್ತಾ ಹೋದಷ್ಟೂ ನಾನು ಮಾಡಿದ ಕೆಲಸಕ್ಕೆ ನೂರಾರು ವರ್ಷದ ಪರಂಪರೆಯೇ ಇದೆ ಅಂತ ಗೊತ್ತಾಯ್ತು. ಅದಕ್ಕೇ ಈ ಪುರಾಣ.

ಮೊದಲು ವಯಸ್ಸಿನ ವಿಷಯ. ತಿಗಣೆಗಳು ಮೊದಲು ಗುಹೆಯ ಬಾವಲಿಗಳ ರಕ್ತ ಕುಡೀತಿದ್ದವು, ಅಲ್ಲಿಂದ ಮನುಷ್ಯನಿಗೆ ಬಂದವು ಅನ್ನೋದು ಬಹಳ ಕಾಲದ ನಂಬಿಕೆ. ಆದರೆ 2019ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನದ ಪ್ರಕಾರ ಈ ಕುಲ ಬಾವಲಿಗಳಿಗಿಂತ ಹಳೆಯದು, ಸುಮಾರು 11 ಕೋಟಿ 50 ಲಕ್ಷ ವರ್ಷ. ಅಂದ್ರೆ ಡೈನೋಸಾರ್‌ಗಳ ಕಾಲದಲ್ಲೇ ಇದ್ದವು, ಅವು ಯಾರ ರಕ್ತ ಕುಡೀತಿದ್ವೋ ದೇವರಿಗೇ ಗೊತ್ತು. ಮನುಷ್ಯನ ಜೊತೆಗಿನ ಸಂಸಾರವೂ ಹೊಸದಲ್ಲ. ಈಜಿಪ್ಟಿನ ಅಮರ್ನಾದಲ್ಲಿ ಕೆಲಸಗಾರರು ವಾಸವಿದ್ದ ಹಳ್ಳಿಯನ್ನ ಅಗೆದಾಗ ಸುಮಾರು 3,300 ವರ್ಷ ಹಳೆಯ ತಿಗಣೆಗಳ ಅವಶೇಷ ಸಿಕ್ಕಿತು. ಕ್ರಿಸ್ತಪೂರ್ವ 423ರಲ್ಲಿ ಗ್ರೀಸಿನ ಅರಿಸ್ಟೋಫೆನಿಸ್ ತನ್ನ ನಾಟಕದಲ್ಲಿ ತಿಗಣೆ ಕಚ್ಚಿಸಿಕೊಂಡು ಒದ್ದಾಡೋ ಮುದುಕನನ್ನ ತಂದು ಜನರನ್ನ ನಗಿಸಿದ. ರೋಮಿನ ಪ್ಲಿನಿ ತಿಗಣೆಯನ್ನ ಹಾವಿನ ವಿಷಕ್ಕೆ ಮದ್ದು ಅಂತ ಬರೆದಿಟ್ಟ. (ದಯವಿಟ್ಟು ಪ್ರಯೋಗ ಮಾಡಬೇಡಿ!)

ನಮ್ಮಲ್ಲೂ ಕಡಿಮೆ ಇಲ್ಲ. ಸಂಸ್ಕೃತದಲ್ಲಿ ಇದಕ್ಕೆ ಮತ್ಕುಣ ಅಂತ ಹೆಸರು. ಲಕ್ಷ್ಮಿ ಕಮಲದಲ್ಲಿ, ಶಿವ ಹಿಮಾಲಯದಲ್ಲಿ, ವಿಷ್ಣು ಹಾಲಿನ ಕಡಲಲ್ಲಿ ಮಲಗೋದು ತಿಗಣೆಗೆ ಹೆದರಿಯೇ ಅನ್ನೋ ಚಾಟು ಶ್ಲೋಕವನ್ನ ನೀವೂ ಕೇಳಿರ್ತೀರಿ. ಪಂಚತಂತ್ರದ ಕಥೆ ಇನ್ನೂ ಚೆನ್ನಾಗಿದೆ. ರಾಜನ ಹಾಸಿಗೆಯಲ್ಲಿ ಮಂದವಿಸರ್ಪಿಣಿ ಅನ್ನೋ ಹೇನು ಯಾರಿಗೂ ಗೊತ್ತಾಗದ ಹಾಗೆ ಬದುಕಿಕೊಂಡಿತ್ತು. ಒಂದು ದಿನ ಅತಿಥಿಯಾಗಿ ತಿಗಣೆ ಬಂತು. ರಾಜ ನಿದ್ದೆ ಹೋಗೋ ತನಕ ತಡಿ ಅಂದ್ರೂ ಕೇಳದೆ ಕಚ್ಚಿಬಿಟ್ಟಿತು. ರಾಜ ಎದ್ದ, ಸೇವಕರು ದೀಪ ತಂದು ಹುಡುಕಿದರು. ತಿಗಣೆ ಸಂದಿಯಲ್ಲಿ ನುಸುಳಿ ಪಾರಾಯ್ತು, ಸಿಕ್ಕಿಬಿದ್ದು ಸತ್ತಿದ್ದು ಹೇನು. ಗುರುತಿಲ್ಲದವರಿಗೆ ಮನೇಲಿ ಜಾಗ ಕೊಡಬೇಡ ಅನ್ನೋದು ಆ ಕಥೆಯ ನೀತಿ. ನನಗೆ ಮಾತ್ರ ಆ ರಾತ್ರಿ ಕಂಡಿದ್ದು ಬೇರೆ: ಕಚ್ಚಿದವರು ಒಬ್ಬರು, ಶಿಕ್ಷೆ ಆದದ್ದು ಇನ್ನೊಬ್ಬರಿಗೆ.

ತಿಗಣೆಯ ಚರಿತ್ರೆ ಪೂರ್ತಿ ಹೀಗೇ ಇದೆ ನೋಡಿ. ಇಂಗ್ಲೆಂಡಿನಲ್ಲಿ 1583ರಲ್ಲಿ ಮಾರ್ಟ್‌ಲೇಕ್ ಅನ್ನೋ ಊರಿನ ಇಬ್ಬರು ದೊಡ್ಡಮನೆ ಹೆಂಗಸರು ಮೈಮೇಲಿನ ದದ್ದು ನೋಡಿ ಪ್ಲೇಗ್ ಬಂತು ಅಂತ ಹೆದರಿ ವೈದ್ಯರನ್ನ ಕರೆಸಿದರು. ವೈದ್ಯರು ತಿಗಣೆ ತೋರಿಸಿದಾಗ ನಕ್ಕು ಸುಮ್ಮನಾದರಂತೆ. ಅಂದ್ರೆ ಆಗಲೇ ಅಲ್ಲಿ ತಿಗಣೆ ಇತ್ತು. ಆದರೂ 1730ರಲ್ಲಿ ಲಂಡನ್ನಿನ ಜಾನ್ ಸದಾಲ್ ತಿಗಣೆ ಬಗ್ಗೆಯೇ ಒಂದು ಪುಸ್ತಕ ಬರೆದಾಗ ಏನು ಹೇಳಿದ ಗೊತ್ತಾ? 1666ರ ಮಹಾ ಬೆಂಕಿಯ ನಂತರ ಊರು ಕಟ್ಟೋಕೆ ಪರದೇಶದಿಂದ ಮರ ತರಿಸಿದರು, ಅದರ ಜೊತೆ ಬಂದಿರಬೇಕು ಅಂತ. ಈ ಸದಾಲ್ ಜಮೈಕಾದಲ್ಲಿ ಒಬ್ಬ ಮುದುಕನಿಂದ ತಿಗಣೆ ಔಷಧಿಯ ಗುಟ್ಟು ಕಲಿತು ಬಂದು ಅದನ್ನೇ ಮಾರ್ತಿದ್ದ. ರೋಗ ಪರದೇಶದ್ದು ಅಂತ ದೂರಿದವನ ಮದ್ದೂ ಪರದೇಶದ್ದೇ!

ತಿಗಣೆ ಬಡವರ ಮನೆಯದ್ದು ಅನ್ನೋ ಮಾತಿಗೂ ಉತ್ತರ ಲಂಡನ್ನಿನಲ್ಲೇ ಇದೆ. ಅಲ್ಲಿ ಟಿಫಿನ್ ಅನ್ನೋ ಮನೆತನದವರು ತಲೆತಲಾಂತರದಿಂದ ತಿಗಣೆ ಕೊಲ್ಲೋದನ್ನೇ ಕಸುಬಾಗಿ ಮಾಡಿಕೊಂಡಿದ್ದರು. ಗಿರಾಕಿಗಳು ಯಾರು? ರಾಜಮನೆತನದವರು, ಶ್ರೀಮಂತರು. ರಾಜಕುಮಾರಿ ಷಾರ್ಲೆಟ್‌ಳ ಮಂಚದಲ್ಲೇ ತಿಗಣೆ ಹಿಡಿದ ಕಥೆಯನ್ನ ಟಿಫಿನ್ ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಹೆನ್ರಿ ಮೇಹ್ಯೂ ಅನ್ನೋ ಪತ್ರಕರ್ತನಿಗೆ ಹೇಳಿದ್ದಾನೆ. ಅರಮನೆ ಆದರೇನು, ಗುಡಿಸಲು ಆದರೇನು, ಅದಕ್ಕೆ ಬೇಕಾದ್ದು ಬೆಚ್ಚಗಿನ ರಕ್ತ ಮತ್ತು ಅಡಗೋಕೊಂದು ಸಂದಿ.

ಆಮೇಲೆ ಬಂತು ಡಿಡಿಟಿ. 1874ರಲ್ಲೇ ತಯಾರಾಗಿದ್ದ ಆ ರಾಸಾಯನಿಕಕ್ಕೆ ಕೀಟ ಕೊಲ್ಲೋ ಶಕ್ತಿ ಇದೆ ಅಂತ 1939ರಲ್ಲಿ ಕಂಡುಕೊಂಡಿದ್ದು ಸ್ವಿಟ್ಜರ್ಲೆಂಡಿನ ಪಾಲ್ ಮ್ಯುಲರ್. 1948ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಅದಕ್ಕೂ ಒಂದು ವರ್ಷ ಮೊದಲೇ, 1947ರಲ್ಲಿ, ಹವಾಯಿಯ ಪರ್ಲ್ ಹಾರ್ಬರ್‌ನಲ್ಲಿ ಡಿಡಿಟಿಗೆ ಜಗ್ಗದ ತಿಗಣೆಗಳು ಕಾಣಿಸಿಕೊಂಡಿದ್ದವು. ನೊಬೆಲ್ ಸಮಿತಿಗಿಂತ ತಿಗಣೆ ಫಾಸ್ಟ್ :)

ಇಲ್ಲಿ ನಮ್ಮ ಧಾರವಾಡದ ಪ್ರವೇಶ ಆಗುತ್ತೆ. 1946ರ ಹೊತ್ತಿಗೆ ಆಗಿನ ಮುಂಬಯಿ ಪ್ರಾಂತ್ಯದ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆ ಗೋಡೆಗಳಿಗೆ ಡಿಡಿಟಿ ಸಿಂಪಡಿಸೋ ಕೆಲಸ ಶುರುವಾಯ್ತು. ಮಲೇರಿಯಾ ಎದ್ದು ಕಾಣೋ ಹಾಗೆ ಇಳೀತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದಾಗ ಅದೇ ದಾರಿ ದೇಶಕ್ಕೆಲ್ಲ ಆಯ್ತು. ನಮ್ಮಜ್ಜಿ ಆ ಔಷಧಿ ಹೊಡೆಯೋರನ್ನ ನೋಡಿದ್ದಳು. ಅವಳು ಹೇಳ್ತಿದ್ದ ಮಾತು ನನಗಿನ್ನೂ ನೆನಪಿದೆ: "ಗುಂಗಾಡು ಸತ್ತುವು ಖರೆ. ತಗಣಿ ಮಾತ್ರ ಔಷಧ ಕುಡದು ಮತ್ತಷ್ಟು ದಪ್ಪ ಆದ್ವು ನೋಡಪಾ."

ಅಜ್ಜಿ ತಮಾಷೆಗೆ ಹೇಳ್ತಾಳೆ ಅಂತ ಅಂದುಕೊಂಡಿದ್ದೆ. ಅಲ್ಲ, ಮಲೇರಿಯಾ ಕೆಲಸಗಾರರಿಗೆ ಎಷ್ಟೋ ದೇಶಗಳಲ್ಲಿ ಇದೇ ತಲೆನೋವಾಗಿತ್ತು. ಸೊಳ್ಳೆ ಎಲ್ಲಿ ಸತ್ತಿತು ಅಂತ ಜನರಿಗೆ ಕಾಣಲ್ಲ. ಮೊದಮೊದಲು ತಿಗಣೆ ಸತ್ತದ್ದು ಕಂಡು ಖುಷಿಯಿಂದ ಬಾಗಿಲು ತೆಗೆದವರು, ತಿಗಣೆ ಜಗ್ಗದ ಹಾಗಾದ ಮೇಲೆ 'ಈ ಔಷಧಿ ಸುಳ್ಳು' ಅಂತ ಸಿಂಪಡಿಸುವವರನ್ನ ವಾಪಸ್ ಕಳಿಸೋಕೆ ಶುರುಮಾಡಿದರು. ಅಜ್ಜಿಗೆ ನಂಬಿಕೆ ಇದ್ದಿದ್ದು ಒಂದರ ಮೇಲೇ. ಬೇಸಿಗೆಯಲ್ಲಿ ಹೊರಸನ್ನ ಅಂಗಳಕ್ಕೆ ತಂದು, ಕೊತ ಕೊತ ಕುದಿಯೋ ನೀರನ್ನ ಹಗ್ಗದ ಗಂಟುಗಳಿಗೆ, ಕಾಲಿನ ಸಂದಿಗೆ ಸುರಿದು, ನಾಲ್ಕು ದಿನ ಬಿಸಿಲಲ್ಲಿ ಬಿಡೋದು.

ನಮ್ಮಪ್ಪನ ಕಾಲಕ್ಕೆ ಟಿಕ್ ಟ್ವೆಂಟಿ ಬಂತು. ತಿಗಣೆಗೆ ಅಂತ ಮನೆಮನೆಗೂ ಬಂದ ಆ ಬಾಟಲಿ ಎಷ್ಟು ತಿಗಣೆ ಕೊಂದಿತೋ ಗೊತ್ತಿಲ್ಲ, ಪೇಪರಿನಲ್ಲಿ ಅದರ ಹೆಸರು ಬರ್ತಿದ್ದದ್ದು ಆತ್ಮಹತ್ಯೆಯ ಸುದ್ದಿಗಳಲ್ಲಿ. ಮುಂದೆ ಪೈರೆಥ್ರಾಯ್ಡ್ ಔಷಧಿಗಳು ಬಂದವು, ತಿಗಣೆ ಅದನ್ನೂ ಅರಗಿಸಿಕೊಂಡಿತು. 1990ರ ದಶಕದ ಕೊನೆಯಿಂದ ಅಮೆರಿಕ, ಯುರೋಪಿನ ದೊಡ್ಡ ಊರುಗಳಿಗೆಲ್ಲ ಮತ್ತೆ ಬಂದು ಕೂತಿದೆ. 2023ರಲ್ಲಿ ಪ್ಯಾರಿಸ್ಸಿನಲ್ಲಿ ರೈಲು, ಸಿನಿಮಾ ಮಂದಿರ ಎಲ್ಲಾ ಕಡೆ ತಿಗಣೆ ಅಂತ ಗುಲ್ಲೆದ್ದಾಗ ಅಲ್ಲಿನ ಟಿವಿಯೊಂದರಲ್ಲಿ 'ಇದಕ್ಕೂ ವಲಸೆ ಬಂದವರಿಗೂ ಸಂಬಂಧ ಇದೆಯಾ' ಅಂತ ಕೇಳಿ ದೊಡ್ಡ ಗಲಾಟೆಯೇ ಆಯ್ತು. ಸದಾಲನ ಪರದೇಶದ ಮರ, ಪ್ಯಾರಿಸ್ಸಿನ ವಲಸಿಗ, ನನ್ನ ಮನೆಯ ಪಿ.ಜಿ. ಹುಡುಗ... ಇಷ್ಟು ಓದೋ ಹೊತ್ತಿಗೆ ನನಗೆ ಒಳಗೊಳಗೇ ಇರುಸುಮುರುಸು ಶುರುವಾಗಿತ್ತು.

ಒಂದು ಭಾನುವಾರ ಮಂಚ ಬಿಚ್ಚಿದೆ. ಆ ಮಂಚದ ಬಗ್ಗೆ ಹೇಳಬೇಕು. ಹುಡುಗ ಬರೋಕೆ ಎರಡು ತಿಂಗಳ ಮುಂಚೆ, ಮನೆ ಖಾಲಿ ಮಾಡ್ತಿದ್ದ ಯಾರೋ ಮಾರಿದ ಸಾಗುವಾನಿ ಮಂಚ. ಅರ್ಧಕ್ಕರ್ಧ ಬೆಲೆಗೆ ಸಿಕ್ಕಿತು ಅಂತ ಬಂದವರಿಗೆಲ್ಲ ತೋರಿಸಿ ಮೆರೆದಿದ್ದೆ. ತಲೆಭಾಗದ ಹಲಗೆಯ ಸ್ಕ್ರೂ ತೆಗೆದೆ ನೋಡಿ, ಒಳಗೆ ಕರೀ ಚುಕ್ಕೆಗಳ ಪದರ, ಒಣಗಿದ ಪೊರೆಗಳು, ಬಿಳಿ ಮೊಟ್ಟೆಗಳು, ದೊಡ್ಡವು ಚಿಕ್ಕವು ಎಲ್ಲಾ ಸೇರಿ ಒಂದು ಊರೇ ಇತ್ತು. ಮರಿ ದೊಡ್ಡದಾಗೋಕೆ ಐದು ಸಲ ಪೊರೆ ಬಿಡಬೇಕು, ಪ್ರತಿ ಸಲಕ್ಕೂ ಒಂದು ಹೊಟ್ಟೆ ರಕ್ತ ಬೇಕು. ಅದು ಮೂರು ವಾರದ ಸಂಸಾರ ಅಲ್ಲವೇ ಅಲ್ಲ. ಹುಡುಗ ಮಲಗ್ತಿದ್ದ ಹಾಲ್‌ನಲ್ಲಿ ಮೂಲೆ ಮೂಲೆ ಹುಡುಕಿದೆ, ಒಂದೂ ಸಿಗಲಿಲ್ಲ.

ಮಂಚ ಮಾರಿದವರಿಗೆ ಗೊತ್ತಿತ್ತೋ ಇಲ್ಲವೋ, ಆ ಮಾತು ಬೇಡ. ನಿಜ ಹೇಳ್ತೀನಿ, ನನಗೂ ಮೊದಲು ಬಂದ ಯೋಚನೆ 'ಯಾರಿಗಾದರೂ ಮಾರಿ ಕೈತೊಳೆದುಕೊಳ್ಳೋಣ' ಅಂತಲೇ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು ಒಬ್ಬರು ಇನ್ನೊಬ್ಬರಿಗೆ ದಾಟಿಸೋದರಿಂದಲೇ ಇದು ಮನೆಯಿಂದ ಮನೆಗೆ ಹೋಗೋದು ಅಂತ ಆಗ ಅರ್ಥ ಆಯ್ತು. ಮಾರಲಿಲ್ಲ.

ಅಂಗಡಿಯವರೊಬ್ಬರು ಗೋದಾಮಿನ ಕಾಳಿಗೆ ಇಡೋ ಮಾತ್ರೆ ಕೊಡ್ತೀನಿ, ರೂಮಲ್ಲಿಟ್ಟು ಬಾಗಿಲು ಹಾಕಿ ಅಂದರು. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನ್ನೋ ವಿಷದ ಅನಿಲ ಬಿಡುತ್ತೆ, ಪಕ್ಕದ ಕೋಣೆಗೂ ನುಗ್ಗುತ್ತೆ. ಇದನ್ನ ಮನೆಯಲ್ಲಿಟ್ಟು ಮಕ್ಕಳನ್ನ ಕಳಕೊಂಡವರ ಸುದ್ದಿ ಓದಿದ್ದೆ. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ತಿಗಣೆ ಕಚ್ಚಿ ಯಾರೂ ಸಾಯಲ್ಲ.

ನಾವು ಮಾಡಿದ್ದು ಅಜ್ಜಿಯ ಕೆಲಸವೇ. ತಿಗಣೆಯೂ ಮೊಟ್ಟೆಯೂ ಸುಮಾರು 50 ಡಿಗ್ರಿ ಶಾಖಕ್ಕೆ ಸಾಯುತ್ತವೆ, ಇದಕ್ಕೆ ಯಾವ ಔಷಧಿಯೂ ಬೇಡ. ಮಂಚದ ಭಾಗಗಳನ್ನ ತಾರಸಿಗೆ ಒಯ್ದು ಪ್ರತಿ ಸಂದಿಗೂ ಕುದಿಯೋ ನೀರು ಸುರಿದೆವು. ಬಟ್ಟೆ, ಹೊದಿಕೆ ಎಲ್ಲಾ ಬಿಸಿನೀರಲ್ಲಿ ಒಗೆದು ಗಂಟುಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟೆವು. ಹಾಸಿಗೆಯ ಹೊಲಿಗೆಗಳಿಗೆ ಹಬೆ ಹಿಡಿದೆವು. ಮಂಚದ ಸ್ಕ್ರೂ ತೂತು, ಗೋಡೆಯ ಬಿರುಕು, ಸ್ವಿಚ್ ಬೋರ್ಡಿನ ಅಂಚು ಮುಚ್ಚಿದೆವು. ಮಂಚವನ್ನ ಗೋಡೆಯಿಂದ ದೂರ ಇಟ್ಟು ಕಾಲುಗಳ ಕೆಳಗೆ ನೀರಿನ ಬಟ್ಟಲು. ಕೀಟ ನಿಯಂತ್ರಣದವರನ್ನ ಹದಿನೈದು ದಿನ ಬಿಟ್ಟು ಎರಡು ಸಲ ಕರೆಸಿದೆವು, ಯಾಕಂದ್ರೆ ಉಳಿದ ಮೊಟ್ಟೆಗಳು ಒಂದೆರಡು ವಾರಕ್ಕೆ ಒಡೀತವೆ. ಇನ್ನೊಂದು ಮುಖ್ಯ ವಿಷಯ, ಬೇರೆ ಕೋಣೆಗೆ ಹೋಗಿ ಮಲಗಬೇಡಿ, ನಿಮ್ಮನ್ನ ಹುಡುಕಿಕೊಂಡು ಅವೂ ಬರ್ತವೆ. ಪ್ರತಿ ಭಾನುವಾರ ಟಾರ್ಚ್ ಪರೇಡ್. ಮೂರು ತಿಂಗಳು ಹಿಡೀತು. ಎದುರು ಮನೆಯವರಿಗೂ ಹೇಳಿದೆವು, ಅವರ ಮನೇಲೂ ಶುರುವಾಗಿತ್ತು, ಅವರೂ ಹೇಳದೆ ಕೂತಿದ್ದರು! ಆಮೇಲೆ ಇಬ್ಬರೂ ಸೇರಿ ಮಾಡಿದೆವು.

ಅಷ್ಟು ಮುಗಿದ ಮೇಲೆ ಉಳಿದದ್ದು ಒಂದು ಫೋನು. ಅದಕ್ಕೆ ಇನ್ನೂ ಎರಡು ವಾರ ಬೇಕಾಯ್ತು ನನಗೆ. ಅಕ್ಕನಿಗೆ ವಿಷಯವೇ ಗೊತ್ತಿರಲಿಲ್ಲ, ಹುಡುಗ ಹೇಳಿರಲಿಲ್ಲ. ಅವನಿಗೆ ಫೋನ್ ಮಾಡಿ ಮಂಚದ ಕಥೆ ಪೂರ್ತಿ ಹೇಳಿದೆ, ತಪ್ಪಾಯ್ತಪ್ಪಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಲಿ ಬಿಡ್ರೀ ಮಾಮಾ. ನಾನೂ ನಂದ ಇರಬೇಕು ಅಂತ ತಿಳ್ಕೊಂಡಿದ್ದೆ. ಗೆಳ್ಯಾನ ರೂಮಿಗೆ ಹೋಗೂದಕ್ಕ ಮೊದ್ಲ ನನ್ನ ಅರಬಿ ಎಲ್ಲಾ ಎರಡು ಸರ್ತಿ ಕುದಿಸೇನ್ರಿ" ಅಂದ.

ಅವನಿಗೆ ಈಗ ಕೆಲಸ ಸಿಕ್ಕಿದೆ. ಹೋದ ತಿಂಗಳು ಬಂದಿದ್ದ, ಎರಡು ದಿನ ಇದ್ದ. ಹಾಲ್‌ನಲ್ಲಿ ಮಲಗ್ತೀನಿ ಅಂದ, ನಾನು ಬಿಡಲಿಲ್ಲ, ಅದೇ ಸಾಗುವಾನಿ ಮಂಚದ ಮೇಲೆ ಮಲಗಿಸಿದೆ. ಬೆಳಿಗ್ಗೆ ಎದ್ದವನನ್ನ 'ಏನಾದ್ರೂ ಕಚ್ತೇನೋ?' ಅಂತ ಕೇಳಿದೆ. ಇಲ್ಲ ಅಂದ.

ನಿಮ್ಮ ಮನೇಲಿ ತಿಗಣೆ ಆದರೆ ಮೊದಲು ಮಂಚದ ಸ್ಕ್ರೂ ಬಿಚ್ಚಿ ನೋಡಿ. ಯಾರು ತಂದರು ಅನ್ನೋದನ್ನ ಆಮೇಲೆ ಕೇಳಿದರಾಯ್ತು.